ಖಳನಲ್ಲಿ ಮರುಕ

ಪೀಣ್ಯದ ಕಾರ್ಖಾನೆಗಳಲ್ಲಿ ಹಗಲೆಲ್ಲ ದುಡಿದವರು ಸಂಜೆ ಚಲನಚಿತ್ರ ನೋಡಲು ಕುಳಿತರೆ ನಾಯಕನ ಗೆಲುವನ್ನು ಬಯಸುವುದು ಸಹಜ. ಆದರೂ ಕೆಲವೊಮ್ಮೆ ಅವರ ಮನಸ್ಸು ಖಳನ ಕಡೆಗೆ ವಾಲುವುದುಂಟು. 1983ರಲ್ಲಿ ತೆರೆಕಂಡ ‘ಭಕ್ತ ಪ್ರಹ್ಲಾದ’ವೇ ಇದಕ್ಕೆ ನಿದರ್ಶನ. ಅದರಲ್ಲಿ ಹಿರಣ್ಯಕಶಿಪುವಾಗಿ ಅಭಿನಯಿಸಿದವರು ಡಾ. ರಾಜ್‌ಕುಮಾರ್, ಪ್ರಹ್ಲಾದನಾದವರು ಅವರ ಮಗ, ಬಾಲಕ ಪುನೀತ್. ಹಿರಣ್ಯಕಶಿಪುವಿನ ದ್ವೇಷಕ್ಕೂ ಕಾರಣವುಂಟು. ಒಡಹುಟ್ಟಿದ ಹಿರಣ್ಯಾಕ್ಷನನ್ನು ವಿಷ್ಣು ಕೊಂದಿದ್ದಾನೆ. ಆ ವೈರಿಯ ನಾಮವನ್ನೇ ಮುದ್ದಿನ ಮಗ ಜಪಿಸತೊಡಗಿದರೆ ತಂದೆಯ ಎದೆ ಏನಾಗಬೇಡ!

ಇಂತಹ ಅನುಕಂಪ ಕನ್ನಡಕ್ಕೆ ಹೊಸದಲ್ಲ. ರನ್ನನ ದುರ್ಯೋಧನನು ರಣರಂಗದಲ್ಲಿ ಶತ್ರುಪುತ್ರನಾದ ಅಭಿಮನ್ಯುವಿನ ಶವವನ್ನು ಕಂಡು ಅವನ ಶೌರ್ಯವನ್ನು ಕೊಂಡಾಡುತ್ತಾನೆ.

ಖಳನಿಗಾಗಿ ಮರುಗಿದರೆ ಅಧರ್ಮವನ್ನು ಮೆಚ್ಚಿದಂತಾಯಿತು ಎಂದು ಆಕ್ಷೇಪಿಸುವ ಹಿರಿಯರಿದ್ದಾರೆ. ಅವರ ಅಂಜಿಕೆ ನಿರಾಧಾರವಲ್ಲ. ಕೊಲೆಗಡುಕನಿಗೆ ಚೆಂದದ ಉಡುಪು ತೊಡಿಸಿ ಚಪ್ಪಾಳೆ ಗಿಟ್ಟಿಸುವ ಚಿತ್ರಗಳೂ ಇವೆ. ಹಿರಣ್ಯಕಶಿಪುವಿನ ಮಾತು ಬೇರೆ. ಮಗನನ್ನು ಪ್ರೀತಿಸದವನು ಅವನಿಗೆ ಮರಣದಂಡನೆ ವಿಧಿಸಿದರೆ ಪ್ರೇಕ್ಷಕನು ಕೋಪಗೊಂಡು ಮರೆತುಬಿಡುತ್ತಾನೆ. ಪ್ರೀತಿಸುವ ತಂದೆಯೇ ವಿಧಿಸಿದಾಗ ಮರೆಯಲಾರ. ಆ ಅಪರಾಧ ಅವನಿಗೆ ಇನ್ನಷ್ಟು ಘೋರವಾಗಿ ಕಾಣುತ್ತದೆ. ಕೊನೆಗೆ ಕಂಬವೊಡೆದು ನರಸಿಂಹನು ಹೊರಬಂದಾಗ ಪ್ರೇಕ್ಷಕನಿಗೆ ಸಮಾಧಾನವಾಗುತ್ತದೆ, ಜೊತೆಗೇ ಕಣ್ಣೂ ತೇವಗೊಳ್ಳುತ್ತದೆ.