ಮಳೆಗೆ ನಿಂತ ಗಾಡಿ ಬಿಸಿಲಿಗೆ ಚಾಲೂ ಆದದ್ದೇಕೆ?

ಹುಬ್ಬಳ್ಳಿಯ ವಿದ್ಯಾನಗರದಿಂದ ಏಳನೆಯ ತರಗತಿಯ ಓದುಗಳೊಬ್ಬಳು ಕೇಳಿದ್ದಾಳೆ: "ರಾತ್ರಿ ಜೋರು ಮಳಿ ಆದ್ರ ಮುಂಜಾನೆ ನಮ್ಮಪ್ಪನ ಗಾಡಿ ಚಾಲೂ ಆಗೂದಿಲ್ಲ. ಮಧ್ಯಾಹ್ನ ಬಿಸಿಲು ಬಿದ್ದ ಮ್ಯಾಲೆ ಒಂದ ಸಲಕ್ಕ ಚಾಲೂ ಆಗತೈತಿ. ಯಾರೂ ರಿಪೇರಿ ಮಾಡಿರೂದಿಲ್ಲ. ಹಂಗಾದ್ರ ಅದು ತಾನ ಹೆಂಗ ಸುಧಾರಿಸ್ತು?"

ಜಾಣ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಗಾಡಿ ಸುಧಾರಿಸಿಲ್ಲ, ನೀರು ಆರಿದೆ ಅಷ್ಟೇ. ಕಾಯಿಲೆ ಒಳಗೇ ಇದೆ. ಅದು ಹೇಗೆಂದು ನೋಡೋಣ ಬನ್ನಿ.

ಬೈಕಿನ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣಕ್ಕೆ ಒಂದು ಕಿಡಿ ತಾಗಬೇಕು. ಆ ಕಿಡಿ ಹಾರುವುದು ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ. ಅಲ್ಲಿರುವ ಸಂದು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಆದರೂ ಅಷ್ಟನ್ನು ಹಾರಲು 12 ವೋಲ್ಟಿನ ಬ್ಯಾಟರಿಗೆ ಶಕ್ತಿ ಸಾಲದು. ಅದಕ್ಕಾಗಿ ನಡುವೆ ಇಗ್ನಿಷನ್ ಕಾಯಿಲ್ ಇರುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ವದ ಮೇಲೆ ಕೆಲಸ ಮಾಡುವ ಈ ಕಾಯಿಲ್, ವೋಲ್ಟೇಜನ್ನು ಹತ್ತು ಸಾವಿರಕ್ಕೂ ಮೇಲೆ ಏರಿಸುತ್ತದೆ.

ಇಷ್ಟು ಜೋರಿನ ವಿದ್ಯುತ್ತಿಗೆ ಒಂದು ಗುಣವಿದೆ. ಸುಲಭದ ದಾರಿ ಸಿಕ್ಕರೆ ಅದು ಕಷ್ಟದ ದಾರಿ ಹಿಡಿಯುವುದಿಲ್ಲ. ಪ್ಲಗ್ಗಿನ ಕ್ಯಾಪಿನೊಳಗೆ ಮಳೆನೀರು ಇಳಿದು, ರಸ್ತೆಯ ಧೂಳಿನೊಂದಿಗೆ ಸೇರಿ, ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ತೆಳ್ಳಗೆ ಹರಡಿತು ಅನ್ನಿ. ವಿದ್ಯುತ್ತು ಆ ಒದ್ದೆಯ ಮೇಲೇ ಹರಿದು ಎಂಜಿನ್ನಿನ ಲೋಹಕ್ಕೆ ಇಳಿದುಬಿಡುತ್ತದೆ. ಒಳಗೆ ಕಿಡಿ ಹಾರುವುದೇ ಇಲ್ಲ, ಅಥವಾ ಒಮ್ಮೆ ಹಾರಿ ಒಮ್ಮೆ ತಪ್ಪುತ್ತದೆ. ಗ್ಯಾರೇಜಿನವರು "ಗಾಡಿ ಮಿಸ್ಸಿಂಗ್ ಹೊಡೀತೈತಿ" ಅನ್ನುವುದು ಇದಕ್ಕೇ.

ನೀರಿನ ಎರಡನೆಯ ಕಿತಾಪತಿ ಇದಕ್ಕೆ ತದ್ವಿರುದ್ಧ. ಬೈಕಿನ ವೈರುಗಳನ್ನು ಅಲ್ಲಲ್ಲಿ ಪ್ಲಾಸ್ಟಿಕ್ಕಿನ ಕಪ್ಲರುಗಳು ಜೋಡಿಸಿರುತ್ತವೆ. ಇಲ್ಲಿರುವುದು ಬರೀ 12 ವೋಲ್ಟು. ನೀರು ಹೊಕ್ಕರೆ ತಾಮ್ರದ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಹಳೆಯ ತಾಮ್ರದ ತಂಬಿಗೆಯ ಮೇಲೆ ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕುವುದು ಅಂಥದೇ ಕಿಲುಬನ್ನು. ಅದು ವಿದ್ಯುತ್ತಿಗೆ ಅಡ್ಡ ನಿಲ್ಲುತ್ತದೆ. ಅಂದರೆ ಒಂದು ಕಡೆ ಸೋರಿಕೆ, ಇನ್ನೊಂದು ಕಡೆ ತಡೆ. ಬಿಸಿಲು ಸೋರಿಕೆಯನ್ನು ನಿಲ್ಲಿಸುತ್ತದೆ, ಕಿಲುಬನ್ನು ತೆಗೆಯುವುದಿಲ್ಲ. ಅದು ಮಳೆಯಿಂದ ಮಳೆಗೆ ಬೆಳೆಯುತ್ತಲೇ ಹೋಗುತ್ತದೆ. ಮುಂಜಾನೆ ಮನೆ ಮುಂದೆ ನಿಂತ ಗಾಡಿ ನಾಳೆ ಮಗುವನ್ನು ಹಿಂದೆ ಕೂರಿಸಿಕೊಂಡು ಪಿ.ಬಿ. ರಸ್ತೆ ದಾಟುವಾಗ ನಡುವೆಯೇ ನಿಲ್ಲಬಹುದು. ಅದಕ್ಕೇ "ಚಾಲೂ ಆತಲ್ಲ, ಬಿಡು" ಅನ್ನಬಾರದು.

ಅಜ್ಜಂದಿರಿಗೆ ಇದು ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಜಾವಾ, ಯೆಜ್ದಿ ಗಾಡಿಗಳು ಹೊರಬಂದವು. ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಿಸಿ ಗೇರ್ ಹಾಕುವ ಗಾಡಿ ಅದು! ಅದರ ಹಳೆಯ ಮಾದರಿಗಳಲ್ಲಿ 6 ವೋಲ್ಟಿನ ಬ್ಯಾಟರಿ, ಕಿಡಿಯ ಹೊತ್ತನ್ನು ನಿರ್ಧರಿಸಲು ತೆರೆದು ಮುಚ್ಚುವ ಪಾಯಿಂಟ್. ಪಾಯಿಂಟಿಗೆ ನೀರು ಹೊಕ್ಕರೆ ಕಿಡಿ ಮಾಯ. ಮುಚ್ಚಳ ಬಿಚ್ಚಿ, ಒಣ ಬಟ್ಟೆಯಿಂದ ಒರೆಸಿ, ನುಣುಪು ಪಾಲಿಶ್ ಪೇಪರ್ ಆಡಿಸಿದರೆ ಗಾಡಿ ಮತ್ತೆ ಸಿದ್ಧ. ಇಂದಿನ ಗಾಡಿಗಳಲ್ಲಿ ಪಾಯಿಂಟ್ ಇಲ್ಲ. ಆದರೆ ಸೆನ್ಸರುಗಳು, ಸ್ವಿಚ್ಚುಗಳು ಹೆಚ್ಚಾಗಿವೆ, ಜೋಡಣೆಗಳೂ ಹೆಚ್ಚಾಗಿವೆ. ಹುಡುಕುವ ಕ್ರಮ ಮಾತ್ರ ಹಳೆಯದೇ: ಒಂದು ಸಲಕ್ಕೆ ಒಂದೇ ಜಾಗ, ಸುಲಭದ್ದು ಮೊದಲು.

ಮೊದಲು ಕೀ ತಿರುಗಿಸಿ ಹಾರ್ನ್ ಒತ್ತಿ. ದನಿ ಕ್ಷೀಣವಾಗಿದ್ದರೆ ಬ್ಯಾಟರಿಯನ್ನೂ ಅದರ ಟರ್ಮಿನಲ್ಲುಗಳನ್ನೂ ನೋಡಿ. ದೀಪ, ಹಾರ್ನ್ ಏನೂ ಇಲ್ಲದಿದ್ದರೆ ಫ್ಯೂಸ್ ನೋಡಿ. ಬಲಗೈ ಬಳಿಯ ಕೆಂಪು ಸ್ವಿಚ್ ಬಂದ್ ಆಗಿಲ್ಲ ತಾನೇ?

ಸೆಲ್ಫ್ ತಿರುಗುತ್ತಿದೆ, ಎಂಜಿನ್ ಹತ್ತುತ್ತಿಲ್ಲ ಎಂದರೆ ಪ್ಲಗ್ಗಿನ ಕ್ಯಾಪ್ ನೋಡಿ. ಕೀ ಬಂದ್ ಮಾಡಿ, ಎಂಜಿನ್ ತಣ್ಣಗಿರುವಾಗ, ವೈರು ಜಗ್ಗದೆ ಕ್ಯಾಪನ್ನೇ ಹಿಡಿದು ಎಳೆಯಿರಿ. ಅದರ ಒಳಭಾಗ, ಪ್ಲಗ್ಗಿನ ಪಿಂಗಾಣಿ ಎರಡನ್ನೂ ಒಣ ಬಟ್ಟೆಯಿಂದ ಒರೆಸಿ, ಮತ್ತೆ ಗಟ್ಟಿಯಾಗಿ ಕೂಡಿಸಿ. ಮಳೆಗಾಲದ ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಎಂಜಿನ್ ಹತ್ತುತ್ತದೆ, ಸ್ಟ್ಯಾಂಡ್ ಎತ್ತಿದ್ದರೂ ಗೇರ್ ಹಾಕಿದ ಕೂಡಲೇ ಆರಿಹೋಗುತ್ತದೆಯೇ? ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡಿಗೆ ಒಂದು ಸ್ವಿಚ್ ಇರುತ್ತದೆ. ಕೆಳಗಿರುವುದರಿಂದ ಕೆಸರೆಲ್ಲ ಅದಕ್ಕೇ ಸಿಡಿಯುತ್ತದೆ. ಕೆಸರು ತುಂಬಿದರೆ ಸ್ಟ್ಯಾಂಡ್ ಇನ್ನೂ ಕೆಳಗೇ ಇದೆ ಎಂದು ಗಾಡಿ ತಿಳಿಯುತ್ತದೆ.

ಕೊನೆಗೆ ಕಪ್ಲರುಗಳು. ಬ್ಯಾಟರಿಯ ಮೈನಸ್ ವೈರು ಬಿಚ್ಚಿ, ಕಪ್ಲರಿನ ಲಾಕ್ ಒತ್ತಿ ಬೇರ್ಪಡಿಸಿ ನೋಡಿ. ಹಸಿರು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪೂರ್ತಿ ಆರಿಸಿ, ವಿದ್ಯುತ್ ಜೋಡಣೆಗೆಂದೇ ಸಿಗುವ ಡೈಎಲೆಕ್ಟ್ರಿಕ್ ಗ್ರೀಸನ್ನು ತೆಳ್ಳಗೆ ಸವರಿ ಕೂಡಿಸಿ. ಇದು ದೊಡ್ಡವರ ಕೆಲಸ. ಮಕ್ಕಳು ಟಾರ್ಚ್ ಹಿಡಿಯಬಹುದು. ಮೀಟರಿನಲ್ಲಿ ಎಂಜಿನ್ ದೀಪ ಉರಿಯುತ್ತಲೇ ಇದ್ದರೆ ಗ್ಯಾರೇಜಿಗೆ ಒಯ್ಯುವುದೇ ಸರಿ.

ಮೂರು ಎಚ್ಚರಿಕೆಗಳು. ಎಂಜಿನ್ ಓಡುತ್ತಿರುವಾಗ ಪ್ಲಗ್ಗಿನ ವೈರು ಮುಟ್ಟಬಾರದು. ಗಾಡಿ ತೊಳೆಯುವಾಗ ಜೋರಿನ ನೀರನ್ನು ಸ್ವಿಚ್ಚು, ಕಾಯಿಲ್, ಕಪ್ಲರುಗಳ ಮೇಲೆ ಬಿಡಬಾರದು. ಮಳೆ ಮಾಡದ ಹಾನಿಯನ್ನು ಪಂಪಿನ ನೀರು ಮಾಡುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಗಾಡಿ ನೀರಿನಲ್ಲಿ ಮುಳುಗಿದ್ದರೆ ಸೆಲ್ಫ್ ಒತ್ತಲೂ ಬೇಡಿ, ಕಿಕ್ ಹೊಡೆಯಲೂ ಬೇಡಿ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲಾಗದು. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡೇ ಬಾಗಬಹುದು. ನೂಕಿಕೊಂಡು ಗ್ಯಾರೇಜಿಗೆ ಹೋಗಿ.

ಇನ್ನು ಮಕ್ಕಳ ಪಾಲಿನ ಪ್ರಯೋಗ. 9 ವೋಲ್ಟಿನ ಬ್ಯಾಟರಿ, ಕೆಂಪು ಎಲ್‌ಇಡಿ, 470 ಓಮಿನ ರೆಸಿಸ್ಟರ್, ಎರಡು ವೈರು ತನ್ನಿ. ಎಲ್ಲವನ್ನೂ ಸಾಲಾಗಿ ಜೋಡಿಸಿ, ಎರಡು ತುದಿಗಳನ್ನು ಲೋಟದ ನೀರಿನಲ್ಲಿ ಒಂದಕ್ಕೊಂದು ತಾಗದಂತೆ ಅದ್ದಿ. ಎಲ್‌ಇಡಿಯ ಉದ್ದ ಕಾಲು ಬ್ಯಾಟರಿಯ ಪ್ಲಸ್ ಕಡೆಗಿರಲಿ. ಮೊದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಆಮೇಲೆ ನಲ್ಲಿಯ ನೀರು, ಕೊನೆಗೆ ಚಿಟಿಕೆ ಉಪ್ಪು ಹಾಕಿದ ನೀರು. ದೀಪ ಯಾವುದರಲ್ಲಿ ಹೆಚ್ಚು ಬೆಳಗಿತು? ಶುದ್ಧ ನೀರಿಗಿಂತ ಕೊಳೆ, ಉಪ್ಪು ಬೆರೆತ ನೀರೇ ಪ್ಲಗ್ಗಿಗೆ ಏಕೆ ದೊಡ್ಡ ಶತ್ರು ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ಗೋಡೆಯ ಪ್ಲಗ್ಗಿನ ಕರೆಂಟಿನಲ್ಲಿ ಮಾತ್ರ ಇದನ್ನು ಎಂದೂ ಮಾಡಬೇಡಿ. ಪ್ರಯೋಗ ಮುಗಿದ ಮೇಲೆ ನೀರನ್ನು ಚೆಲ್ಲಿ, ಲೋಟ ತೊಳೆಯಿರಿ.

ಅಜ್ಜನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಯೆಜ್ದಿಯ ಕಥೆ ಕೇಳಿ. ದೀಪ ಹೇಗೆ ಬೆಳಗಿತೆಂದು ಬರೆದು ಕಳಿಸಿ.