ಕೂರಲಾಗದ ಸಿಂಹಾಸನಗಳು



ನಿಮ್ಮಲ್ಲಿ ಹಲವರ ಗೃಹಪ್ರವೇಶಗಳಿಗೆ ಹೋಗಿಬಂದಿದ್ದೇನೆ. ಬಂಗಾರದ ಬಣ್ಣ ಬಳಿದ, ಬಾಗಿದ ಕಾಲುಗಳ ಸೋಫಾ ತೋರಿಸಿ, "ಮೇಷ್ಟ್ರೇ, ಇದು ಹದಿನಾಲ್ಕನೆಯ ಲೂಯಿಯ ಶೈಲಿ" ಎಂದು ಹೆಮ್ಮೆಪಟ್ಟವರೂ ಉಂಟು. ಇತಿಹಾಸ ಬೋಧಿಸಿದವನಾಗಿ ನಾನು ಈ ಮಾತನ್ನು ಒಪ್ಪಲಾರೆ.

ಹದಿನಾಲ್ಕನೆಯ ಲೂಯಿಯ (1643–1715) ಕಾಲದ ಕುರ್ಚಿಗಳು ಭಾರವಾದವು, ಎತ್ತರದ ನೆಟ್ಟನೆಯ ಬೆನ್ನಿನವು. ಮೈದುಂಬಿ ಬಾಗಿದ ಕಾಲು ಹದಿನೈದನೆಯ ಲೂಯಿಯ ಕಾಲದ ಗುರುತು. ಹದಿನಾರನೆಯವನ ಕಾಲಕ್ಕೆ ಅದು ಮತ್ತೆ ನೇರವಾಗಿ, ಪ್ರಾಚೀನ ಕಂಬಗಳಂತೆ ಉದ್ದುದ್ದ ಗೀರುಗಳನ್ನು ಪಡೆಯಿತು.

ಹೆಸರಿನ ತಪ್ಪನ್ನು ಕ್ಷಮಿಸೋಣ. ನನ್ನ ಆಕ್ಷೇಪ ಬೇರೆ. 1682ರಲ್ಲಿ ವರ್ಸೈಗೆ ನೆಲೆ ಬದಲಿಸಿದ ಆಸ್ಥಾನದಲ್ಲಿ ಯಾರು ಯಾವ ಆಸನದಲ್ಲಿ ಕೂರಬೇಕೆಂಬುದಕ್ಕೆ ಕಟ್ಟುನಿಟ್ಟಾದ ನಿಯಮವಿತ್ತು. ರಾಜರಾಣಿಯರ ಸನ್ನಿಧಿಯಲ್ಲಿ ಬೆನ್ನಿಲ್ಲದ ಪುಟ್ಟ ಪೀಠದ ಮೇಲೆ ಕೂರುವುದೇ ಡಚೆಸ್‌ಗಳಿಗೆ ದೊರೆತ ದೊಡ್ಡ ಗೌರವ. ಅಲ್ಲಿ ಆಸನವಿದ್ದದ್ದು ಕೂರುವುದಕ್ಕಿಂತ ಹೆಚ್ಚಾಗಿ ಇತರರನ್ನು ನಿಲ್ಲಿಸುವುದಕ್ಕೆ! ಆ ವೈಭವವೂ ಉಳಿಯಲಿಲ್ಲ. 1689ರಲ್ಲಿ ಯುದ್ಧದ ಖರ್ಚಿಗಾಗಿ ಅರಮನೆಯ ಬೆಳ್ಳಿಯ ಪೀಠೋಪಕರಣಗಳನ್ನು ಅದೇ ರಾಜ ಕರಗಿಸಿದ.

ಅವನ ನಂತರ ಶ್ರೀಮಂತರು ಪ್ಯಾರಿಸ್ಸಿನ ಮನೆಗಳಲ್ಲಿ ಚಿಕ್ಕ ಕೋಣೆಗಳನ್ನು, ಆಪ್ತ ಮಾತುಕತೆಯನ್ನು ಬಯಸಿದರು. ಬಡಗಿಗಳು ಕುರ್ಚಿಯನ್ನು ಹಗುರಗೊಳಿಸಿದರು, ಬೆನ್ನನ್ನು ಮೈಗೊಪ್ಪುವಂತೆ ಬಾಗಿಸಿದರು, ಹೆಂಗಸರ ಅಗಲವಾದ ಲಂಗಗಳಿಗೆ ಅಡ್ಡಿಯಾಗದಂತೆ ಕುರ್ಚಿಯ ಕೈಗಳನ್ನು ಹಿಂದಕ್ಕೆ ಸರಿಸಿದರು. ಒಳಗೆಲ್ಲ ಮೆತ್ತೆಯಿಟ್ಟ 'ಬೆರ್ಜೇರ್' ಎಂಬ ಸುಖಾಸನ ಬಳಕೆಗೆ ಬಂದದ್ದು ಹೀಗೆ. ಕೋಣೆಗೆ ತಕ್ಕ ಅಳತೆ, ಕೂರುವವರಿಗೆ ತಕ್ಕ ಆಕಾರ: ಫ್ರೆಂಚರಿಂದ ಕಲಿಯಬೇಕಾದ ಪಾಠ ಇದೇ.

ನಾವು ಕಲಿತದ್ದು ಬಂಗಾರದ ಬಣ್ಣವನ್ನು ಮಾತ್ರ. ಹತ್ತು ಅಡಿಯ ಹಜಾರದಲ್ಲಿ ಏಳು ಅಡಿಯ ಸಿಂಹಾಸನ! ಕೊಳೆಯಾದೀತೆಂದು ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಮೊಮ್ಮಕ್ಕಳು ಹತ್ತುವಂತಿಲ್ಲ, ಅಜ್ಜಿಗೆ ಮೂಲೆಯ ಪ್ಲಾಸ್ಟಿಕ್ ಕುರ್ಚಿಯೇ ಗತಿ. ಹೀಗೆ ವರ್ಸೈನ ಪಂಕ್ತಿಭೇದವನ್ನು ಸಾಲ ಮಾಡಿ ಮನೆಗೆ ತಂದಂತಾಯಿತು.

"ಹಣ ನಮ್ಮದು, ಮನೆ ನಮ್ಮದು, ನಿಮಗೇನು?" ಎನ್ನಬಹುದು. ನಿಜ. ಆದರೆ ಮನೆಯ ಹಿರಿಯರೂ ಬಂದ ಅತಿಥಿಯೂ ನಿಮ್ಮವರೇ ಅಲ್ಲವೇ? ಫ್ರೆಂಚ್ ಶೈಲಿ ಮೆಚ್ಚಿಗೆಯಾದರೆ ಒಂದೇ ಒಂದು ಒಳ್ಳೆಯ ಕುರ್ಚಿ ಮಾಡಿಸಿ, ಸುತ್ತ ಜಾಗ ಬಿಡಿ. ಮಾಡಿಸುವ ಮೊದಲು ಕೋಣೆಯನ್ನು ಅಳೆಯಿರಿ. ಮನೆಗೆ ಬಂದ ದಿನವೇ ಹಿರಿಯರನ್ನು ಅದರಲ್ಲಿ ಕೂರಿಸಿ.