ಇಪ್ಪತ್ತು ವಿಕೆಟ್ಟುಗಳ ಲೆಕ್ಕ

ದೊಡ್ಡ ಟೆಸ್ಟ್ ಸರಣಿಯೊಂದು ಸಮೀಪಿಸಿ ತಂಡ ಪ್ರಕಟವಾಯಿತೆಂದರೆ ನಮ್ಮೂರಿನ ಹೋಟೆಲಿನ ಬೆಂಚಿನ ಮೇಲೆ ಕುಳಿತವರೆಲ್ಲರೂ ಆಯ್ಕೆ ಸಮಿತಿಯ ಸದಸ್ಯರಾಗಿಬಿಡುತ್ತಾರೆ. ಶಾಲೆಯ ಮಕ್ಕಳೂ ಹಿಂದೆ ಬೀಳುವವರಲ್ಲ. "ಅವನನ್ನೇಕೆ ಬಿಟ್ಟರು, ಇವನನ್ನೇಕೆ ಸೇರಿಸಿಕೊಂಡರು?" ಎಂಬ ಜಗಳ ಗಂಟೆ ಬಾರಿಸಿದ ಮೇಲೂ ನಿಲ್ಲುವುದಿಲ್ಲ. ಏಳನೆಯ ತರಗತಿಯ ಹುಡುಗನೊಬ್ಬ ಮೊನ್ನೆ ನಮ್ಮನ್ನೇ ತಡೆದು ನಿಲ್ಲಿಸಿ, "ಮಾಷ್ಟ್ರೇ, ಒಂದು ತಂಡದ ಬೌಲಿಂಗು ಒಳ್ಳೆಯದೋ ಅಲ್ಲವೋ ಎಂದು ಆಟ ಆರಂಭವಾಗುವ ಮೊದಲೇ ತಿಳಿಯುವುದು ಹೇಗೆ?" ಎಂದು ಕೇಳಿದ. ಪ್ರಶ್ನೆ ಚಿಕ್ಕದು, ಉತ್ತರ ಚಿಕ್ಕದಲ್ಲ. ಈ ತಿಂಗಳ ಪುಟವನ್ನು ಅವನಿಗಾಗಿ ಮೀಸಲಿಟ್ಟಿದ್ದೇವೆ.

ಮೊದಲು ಮೂಲ ಲೆಕ್ಕವನ್ನು ನೋಡೋಣ. ದಾಂಡಿಗರು ರಾಶಿ ರಾಶಿ ಓಟಗಳನ್ನು ಕೂಡಿಹಾಕಬಹುದು. ಅದರಿಂದ ಸೋಲು ತಪ್ಪೀತು. ಆದರೆ ಐದು ದಿನಗಳ ಆಟವನ್ನು ಗೆಲ್ಲಬೇಕಾದರೆ ಸಾಮಾನ್ಯವಾಗಿ ಎದುರಾಳಿಯ ಇಪ್ಪತ್ತು ವಿಕೆಟ್ಟುಗಳನ್ನು ಕೀಳಲೇಬೇಕು. ಆದುದರಿಂದ ಬೌಲರುಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದಾಗ ನಾವು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇವೆ. ಹೊಸ ಚೆಂಡಿನಿಂದ ವಿಕೆಟ್ಟು ಪಡೆಯುವವರು ಯಾರು? ಚೆಂಡು ಹಳತಾಗಿ, ಅಂಕಣ ಸತ್ತಂತೆ ಮಲಗಿರುವಾಗ ಜೊತೆಯಾಟವನ್ನು ಮುರಿಯುವವರು ಯಾರು? ಒಂದು ತುದಿಯಲ್ಲಿ ಓಟಗಳನ್ನು ಬಿಗಿಹಿಡಿದು ಇನ್ನೊಂದು ತುದಿಯವನಿಗೆ ನೆರವಾಗುವವರು ಯಾರು? ಇವರೆಲ್ಲರ ದೇಹ ಸರಣಿಯ ಕೊನೆಯ ದಿನದವರೆಗೆ ತಾಳೀತೇ? ಇವುಗಳಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಆ ದಾಳಿ ಒಂದು ಕಾಲಿಲ್ಲದ ಮೇಜಿನಂತೆ.

ಒಳ್ಳೆಯ ಹೆಸರುಗಳನ್ನು ಒಟ್ಟುಗೂಡಿಸಿದ ಮಾತ್ರಕ್ಕೆ ಒಳ್ಳೆಯ ದಾಳಿಯಾಗದು. 1967ರಲ್ಲಿ ಇಂಗ್ಲೆಂಡಿನ ಎಜ್‌ಬಾಸ್ಟನ್ ಮೈದಾನದಲ್ಲಿ ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಎಂಬ ನಾಲ್ವರು ಸ್ಪಿನ್ ದಿಗ್ಗಜರೂ ಒಟ್ಟಿಗೆ ಆಡಿದರು. ನಾಲ್ವರೂ ಒಂದೇ ಟೆಸ್ಟಿನಲ್ಲಿ ಆಡಿದ್ದು ಅದೊಂದೇ ಬಾರಿ. ಹೊಸ ಚೆಂಡು ಎಸೆಯಲು ತಕ್ಕವರಿಲ್ಲದೆ, ಮೂಲತಃ ವಿಕೆಟ್ ಕೀಪರ್ ಆಗಿದ್ದ ಮೂಲ್ಕಿಯ ಬುಧಿ ಕುಂದರನ್ ಅವರ ಕೈಗೆ ಚೆಂಡು ಕೊಡಬೇಕಾಯಿತು. ಭಾರತ 132 ಓಟಗಳಿಂದ ಸೋತಿತು.

ನಾಲ್ಕು ವರ್ಷಗಳ ಬಳಿಕ, 1971ರಲ್ಲಿ, ಅದೇ ಇಂಗ್ಲೆಂಡಿಗೆ ತಂಡವನ್ನು ಆರಿಸುವಾಗ ವಿಜಯ್ ಮರ್ಚೆಂಟ್ ಅವರ ಅಧ್ಯಕ್ಷತೆಯ ಸಮಿತಿ ಒಂದು ಸಾಹಸ ಮಾಡಿತು. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಆಗ ಮೂರೂವರೆ ವರ್ಷಗಳಿಂದ ಟೆಸ್ಟ್ ಆಡಿರಲಿಲ್ಲ. ಬಾಲ್ಯದಲ್ಲಿ ಪೋಲಿಯೋ ತಗಲಿ ಅವರ ಬಲಗೈ ಸೊರಗಿತ್ತು. ಆ ಕೈಯಿಂದಲೇ ಬೌಲಿಂಗ್ ಮಾಡಿ, ಮೈದಾನದಿಂದ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದರು. ಕೆಲವೇ ತಿಂಗಳ ಹಿಂದೆ ವೆಸ್ಟ್ ಇಂಡೀಸಿನಲ್ಲಿ ಗೆದ್ದು ಬಂದ ತಂಡದಲ್ಲಿ ಅವರಿರಲಿಲ್ಲ. ಗೆದ್ದ ತಂಡವನ್ನು ಬದಲಿಸುವುದೇಕೆಂದು ಸುಮ್ಮನಿರಬಹುದಿತ್ತು; ಸಮಿತಿ ಸುಮ್ಮನಿರಲಿಲ್ಲ. ಓವಲ್ ಮೈದಾನದಲ್ಲಿ ಮೊದಲ ಸರದಿಯಲ್ಲಿ 71 ಓಟಗಳಷ್ಟು ಹಿಂದಿದ್ದ ಭಾರತ, ಎರಡನೆಯ ಸರದಿಯಲ್ಲಿ ಇಂಗ್ಲೆಂಡನ್ನು 101ಕ್ಕೆ ಉರುಳಿಸಿತು. ಚಂದ್ರಶೇಖರ್ 38 ಓಟಗಳಿಗೆ ಆರು ವಿಕೆಟ್ಟು ಪಡೆದರು. ಆಗಸ್ಟ್ 24ರಂದು ನಾಲ್ಕು ವಿಕೆಟ್ಟುಗಳಿಂದ ಗೆದ್ದ ಭಾರತ ಇಂಗ್ಲೆಂಡಿನ ನೆಲದಲ್ಲಿ ತನ್ನ ಮೊದಲ ಸರಣಿ ವಿಜಯವನ್ನು ಪಡೆಯಿತು. ಹತ್ತಿರದಲ್ಲೇ ಬಾಗಿ ನಿಂತು ಕ್ಯಾಚು ಹಿಡಿದ ಏಕನಾಥ ಸೋಲ್ಕರರನ್ನೂ ಆ ದಾಳಿಯ ಅಂಗವೆಂದೇ ಎಣಿಸಬೇಕು. ಅದೇ ಪ್ರವಾಸದಲ್ಲಿ ಪ್ರಸನ್ನರಂತಹ ಮಹಾ ಕಲಾವಿದರಿಗೆ ಒಂದು ಟೆಸ್ಟಿನಲ್ಲೂ ಸ್ಥಾನ ದೊರೆಯಲಿಲ್ಲ ಎಂಬುದನ್ನೂ ಮರೆಯಬಾರದು. ಒಬ್ಬನನ್ನು ಆರಿಸುವುದೆಂದರೆ ಇನ್ನೊಬ್ಬನನ್ನು ಕೂರಿಸುವುದೇ ತಾನೆ?

ನಮ್ಮ ಕುಂಬಳೆಯ ಹೆಸರನ್ನು ಜಗತ್ತಿಗೆ ಪರಿಚಯಿಸಿದ ಅನಿಲ್ ಕುಂಬ್ಳೆಯವರಿಗೂ ಈ ಬೆಂಚಿನ ಕಷ್ಟ ತಪ್ಪಲಿಲ್ಲ. ಅವರು ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಮನೆತನದ ಬೇರು ನಮ್ಮ ನೆಲದಲ್ಲಿದೆ. 2003ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಅವರನ್ನು ಹೊರಗಿಟ್ಟು ಹರಭಜನ್ ಸಿಂಗರನ್ನು ಆಡಿಸಿದರು. ಹರಭಜನ್ ಗಾಯಗೊಂಡರು. ಒಳಗೆ ಬಂದ ಕುಂಬ್ಳೆ ಉಳಿದ ಮೂರೇ ಟೆಸ್ಟುಗಳಲ್ಲಿ 24 ವಿಕೆಟ್ಟು ಕಿತ್ತರು. ಚೆಂಡು ಹೆಚ್ಚು ತಿರುಗುವುದಿಲ್ಲ ಎಂಬ ಆಕ್ಷೇಪವನ್ನು ಕೇಳುತ್ತಲೇ ಅವರು 619 ವಿಕೆಟ್ಟುಗಳ ಗುರಿ ಮುಟ್ಟಿದರು.

ಈಚಿನ ದಿನಗಳ ಪಾಠ ಇನ್ನೊಂದಿದೆ. ಮೊದಲ ಹನ್ನೊಂದು ಮಂದಿಯಷ್ಟೇ ತಂಡವಲ್ಲ. 2021ರ ಜನವರಿಯಲ್ಲಿ ಬ್ರಿಸ್ಬೇನಿನ ಗಾಬಾ ಮೈದಾನಕ್ಕಿಳಿಯುವಾಗ ಬುಮ್ರಾ, ಅಶ್ವಿನ್, ಜಡೇಜ, ಶಮಿ ಯಾರೂ ಆಡುವ ಸ್ಥಿತಿಯಲ್ಲಿರಲಿಲ್ಲ. ಅಭ್ಯಾಸಕ್ಕೆ ಚೆಂಡೆಸೆಯಲೆಂದು ಹೋಗಿದ್ದ ಸೇಲಂ ಜಿಲ್ಲೆಯ ಹಳ್ಳಿಯ ನಟರಾಜನ್ ಅಲ್ಲಿ ಟೆಸ್ಟ್ ಆಟಗಾರರಾದರು. ಮೊಹಮ್ಮದ್ ಸಿರಾಜ್ ಎರಡನೆಯ ಸರದಿಯಲ್ಲಿ ಐದು ವಿಕೆಟ್ಟು ಪಡೆದರು. 1988ರಿಂದ ಅಲ್ಲಿ ಸೋಲನ್ನೇ ಕಾಣದಿದ್ದ ಆಸ್ಟ್ರೇಲಿಯಾ ಸೋತಿತು. 2025ರ ಇಂಗ್ಲೆಂಡ್ ಸರಣಿಗೆ 18 ಮಂದಿಯನ್ನು ಆರಿಸುವಾಗ, ಬುಮ್ರಾ ಐದೂ ಟೆಸ್ಟುಗಳನ್ನು ಆಡಲಾರರೆಂಬುದು ಮೊದಲೇ ಗೊತ್ತಿತ್ತು. ಅವರು ಆಡಿದ್ದು ಮೂರು. ಭಾರತ ಗೆದ್ದದ್ದು ಅವರಿಲ್ಲದ ಎರಡು ಟೆಸ್ಟುಗಳನ್ನು! ಒಂದರಲ್ಲಿ ಆಕಾಶ್ ದೀಪ್ ಹತ್ತು ವಿಕೆಟ್ಟು ಪಡೆದರೆ, ಆರೇ ಓಟಗಳಿಂದ ಗೆದ್ದ ಓವಲ್ ಟೆಸ್ಟಿನಲ್ಲಿ ಸಿರಾಜರೂ ಕರ್ನಾಟಕದ ಪ್ರಸಿದ್ಧ ಕೃಷ್ಣರೂ ಹೆಗಲು ಕೊಟ್ಟರು. ಕುಲದೀಪ್ ಯಾದವ್ ಮಾತ್ರ ಐದೂ ಟೆಸ್ಟುಗಳನ್ನು ಹೊರಗೆ ಕುಳಿತೇ ನೋಡಿದರು. ಬುಮ್ರಾ ಇಲ್ಲದಿದ್ದರೇ ಒಳ್ಳೆಯದೆಂದು ಇದರಿಂದ ಯಾರೂ ತೀರ್ಮಾನಿಸಬಾರದು. ಮೊದಲಿಗನ ಜಾಗಕ್ಕೆ ಬರುವವನೂ ಸಿದ್ಧನಾಗಿರಬೇಕು, ಅಷ್ಟೇ.

ಇಷ್ಟನ್ನೆಲ್ಲ ಬರೆದ ಮೇಲೆ ಓದುಗರ ಮುಂದೆ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಲೇಖನಿ ಕೆಳಗಿಡುವುದು ಸರಿಯಲ್ಲ.

ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಮಾತು. ನಾವು ಆಗ ಬೇರೊಂದು ಶಾಲೆಯಲ್ಲಿ ಕಿರಿಯ ಅಧ್ಯಾಪಕರು. ಉಪಜಿಲ್ಲಾ ಮಟ್ಟದ ಪಂದ್ಯಕ್ಕೆ ತಂಡವನ್ನು ಆರಿಸುವ ಹೊಣೆ ನಮ್ಮ ಮೇಲೆ ಬಿತ್ತು. ಎಡಗಾಲು ಸ್ವಲ್ಪ ಎಳೆಯುತ್ತಿದ್ದ ಹುಡುಗನೊಬ್ಬನಿದ್ದ. ನಾಲ್ಕೇ ಹೆಜ್ಜೆ ಬಂದು ಚೆಂಡು ತಿರುಗಿಸುತ್ತಿದ್ದ. ಅಭ್ಯಾಸದಲ್ಲಿ ಅವನ ಚೆಂಡನ್ನು ನಮ್ಮ ದಾಂಡಿಗರು ಯಾರೂ ನೆಮ್ಮದಿಯಿಂದ ಆಡಿದ್ದಿಲ್ಲ. ಆದರೆ ಕ್ಷೇತ್ರರಕ್ಷಣೆಗೆ ಓಡಲಾರ, ನೋಡಿದವರು ಏನೆಂದಾರು ಎಂದು ಅವನನ್ನು ಬಿಟ್ಟು, ಉದ್ದಕ್ಕೆ ಓಡಿ ಬಂದು ಲಕ್ಷಣವಾಗಿ ಎಸೆಯುವ ಇನ್ನೊಬ್ಬನನ್ನು ಸೇರಿಸಿಕೊಂಡೆವು. ಚಂದ್ರಶೇಖರರ ಕಥೆಯನ್ನು ನಮ್ಮ ತಂದೆಯವರ ಬಾಯಿಂದ ಕೇಳಿ, ಅದನ್ನೇ ತರಗತಿಯಲ್ಲಿ ಹೇಳುತ್ತಿದ್ದವರು ನಾವು! ಪಂದ್ಯದ ದಿನ ಆ ಹುಡುಗ ನೀರಿನ ಕೊಡ ಹೊತ್ತು ಬಂದ. ಎದುರಾಳಿಗಳ ಕೊನೆಯ ಜೋಡಿಯನ್ನು ಒಡೆಯಲಾಗದೆ ಸೋತೆವು. ಸೋಲು ಒಂದು ವಾರದಲ್ಲಿ ಮರೆತುಹೋಯಿತು. ಆದರೆ ಆ ಹುಡುಗ ಮತ್ತೆ ಆಟದ ಬಯಲಿಗೆ ಇಳಿಯಲಿಲ್ಲ, ನಾವೂ ಕರೆಯಲಿಲ್ಲ.

ಕೆಲವು ವರ್ಷಗಳ ಹಿಂದೆ ಅವನು ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ನಮ್ಮ ಈಗಿನ ಶಾಲೆಗೆ ಬಂದಿದ್ದ. ಕನ್ನಡ ವಿಭಾಗಕ್ಕೆ ಮಕ್ಕಳು ಸಾಲದೆ ಮನೆ ಮನೆಗೆ ಹೋಗಿ ಕೇಳುವ ಈ ಕಾಲದಲ್ಲಿ ಅವನು ತಾನಾಗಿಯೇ ಬಂದ. ಹಳೆಯ ಪಂದ್ಯದ ಮಾತೆತ್ತಲಿಲ್ಲ. ಅರ್ಜಿಗೆ ಸಹಿ ಹಾಕಿ, "ಮಾಷ್ಟ್ರೇ, ಇವಳು ಮಾತಿನಲ್ಲಿ ಸ್ವಲ್ಪ ನಿಧಾನ. ಆದರೆ ಲೆಕ್ಕದಲ್ಲಿ ಚುರುಕು. ನೋಡಿಕೊಳ್ಳಿ" ಎಂದಷ್ಟೇ ಹೇಳಿದ. ನಾವು ತಲೆಯಾಡಿಸಿದೆವು. ಬೇರೆ ಮಾತು ಹೊರಡಲಿಲ್ಲ.

ಆದುದರಿಂದ, ಪ್ರಶ್ನೆ ಕೇಳಿದ ಬಾಲಕನೇ, ಮುಂದಿನ ಸರಣಿಯ ಪಟ್ಟಿ ಬಂದಾಗ ಮೇಲಿನ ನಾಲ್ಕು ಪ್ರಶ್ನೆಗಳನ್ನು ಕೇಳು. ಚೆಂಡು ಯಾವುದು, ನೆಲ ಯಾವುದು, ಹವೆ ಎಂತಹದು ಎಂದು ನೋಡು. ಆ ಬಳಿಕ ಹೊರಗೆ ಕುಳಿತವರ ಹೆಸರುಗಳನ್ನೂ ಒಮ್ಮೆ ಓದು. ಈ ವರ್ಷ ನಮ್ಮ ಶಾಲೆಯ ತಂಡವನ್ನು ಆರಿಸುವ ದಿನ ಓಟದ ಪರೀಕ್ಷೆಯನ್ನು ಕೊನೆಗಿಟ್ಟಿದ್ದೇವೆ. ಮೊದಲು ಎಲ್ಲರ ಕೈಗೂ ಚೆಂಡು ಕೊಡುತ್ತೇವೆ. ನೀನೂ ಬಾ.